ಮೇಲ್ಮನೆಯಾಕೆಯ ಮೇಕೆ

ಸಂಜೆ ಐದು ಗಂಟೆ ನಾಲ್ಕು ನಿಮಿಷಕ್ಕೆ ನನ್ನ ಮಗಳು ಮೇಕೆಯಾಗಿದ್ದಳು.

ಅವಳನ್ನು ಮೇಕೆ ಮಾಡಿದವರು ನಮ್ಮ ಮೇಲ್ಮನೆಯಾಕೆ. ತಲೆಕೆಟ್ಟವರನ್ನು ನಾನು ಮೈಸೂರಿನಲ್ಲೂ ಕಂಡಿದ್ದೇನೆ, ಕ್ಯಾಲಿಫೋರ್ನಿಯಾದಲ್ಲೂ ಕಂಡಿದ್ದೇನೆ. ಆದರೆ ಏಕಕಾಲಕ್ಕೆ ಎರಡು ಭಾಷೆಗಳಲ್ಲಿ ತಲೆಕೆಟ್ಟವರನ್ನು ಕಂಡದ್ದು ಇವರೊಬ್ಬರನ್ನೇ!

ಲಾಸ್ ಗ್ಯಾಟೋಸಿನ ಹಳೆಯ ಮರದ ಮನೆಯ ಕೆಳಗೆ ನಾವು ಮೂವರು, ಮೇಲೆ ಅವರೊಬ್ಬರೇ. ಹುಟ್ಟಿದ್ದು ಮೆಕ್ಸಿಕೋದಲ್ಲಿ, ವಯಸ್ಸು ಅರವತ್ತರ ಮೇಲೆ, ಕಸುಬು ಮಕ್ಕಳ ಚಿತ್ರಪುಸ್ತಕ. ಒಂದೇ ಪುಟದಲ್ಲಿ ಸ್ಪ್ಯಾನಿಷೂ ಇರಬೇಕು, ಇಂಗ್ಲಿಷೂ ಇರಬೇಕು, ನಡುವೆ ಅವರದೇ ಚಿತ್ರವೂ ಇರಬೇಕು. "ನಮ್ಮ ಮಕ್ಕಳು ಮನೆಯ ಭಾಷೆಯನ್ನ ಕೋಟಿನ ಹಾಗೆ ಕ್ಲಾಸಿನ ಹೊರಗೆ ನೇತುಹಾಕಿ ಒಳಗೆ ಹೋಗ್ತವೆ. ನನ್ನ ಪುಸ್ತಕಕ್ಕಾದರೂ ಕೋಟು ಹಾಕ್ಕೊಂಡೇ ಬರಲಿ" ಎನ್ನುವುದು ಅವರ ವಾದ.

ಪರಿಚಯವಾದ ದಿನ ನಾನು ಪೆದ್ದುಪೆದ್ದಾಗಿ ಕೇಳಿದ್ದೆ: "ಇದು ಅಮೆರಿಕ ಅಲ್ವಾ? ಸ್ಪ್ಯಾನಿಷ್ ಯಾಕೆ?"

"ಮಿಹಾ," ಎಂದರು. ಅವರ ಭಾಷೆಯಲ್ಲಿ ಅದು 'ಮಗಳೇ' ಎಂಬ ಅಕ್ಕರೆಯ ಕರೆ. "ನೀನಿರೋ ಊರಿನ ಹೆಸರೇನು?"

"ಲಾಸ್ ಗ್ಯಾಟೋಸ್."

"ಹಾಗಂದ್ರೆ 'ಬೆಕ್ಕುಗಳು' ಅಂತ. ಎರಡು ವರ್ಷದಿಂದ ಬೆಕ್ಕುಗಳಲ್ಲಿ ಬಾಡಿಗೆಗಿದ್ದೀಯ, ಒಂದು ಸಲವೂ ಅನುಮಾನ ಬರಲಿಲ್ವಾ?"

ಸ್ಪ್ಯಾನಿಷಿನಲ್ಲಿ ಉದ್ದವಾಗಿ ಬರುವ ವಾಕ್ಯ ಇಂಗ್ಲಿಷಿನಲ್ಲಿ ಗಿಡ್ಡವಾಗಿಬಿಡುತ್ತಂತೆ. ಆಗ ಇಂಗ್ಲಿಷಿನ ಕೆಳಗೆ ಖಾಲಿ ಜಾಗ ಉಳಿಯುತ್ತದೆ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಇವರು ಬಿಡುತ್ತಾರೆಯೇ! ಅಳತೆಪಟ್ಟಿ ಇಟ್ಟು ನೋಡಿ ಅಲ್ಲೊಂದು ಕೋಳಿ ಬರೆಯುತ್ತಿದ್ದರು. "ಪಾಪ ಇಂಗ್ಲಿಷು, ಬೇಗ ಮುಗಿದುಹೋಗುತ್ತೆ. ಜೊತೆಗೆ ಕೋಳಿಯಾದರೂ ಇರಲಿ!" ಪುಸ್ತಕ ಅಚ್ಚು ಹಾಕುವವರು ಒಮ್ಮೆ ಫೋನು ಮಾಡಿ, ಚಂದ್ರನ ಕಥೆಯಲ್ಲಿ ಇಷ್ಟೊಂದು ಕೋಳಿ ಏಕೆ ಎಂದು ವಿನಯದಿಂದ ಕೇಳಿದ್ದರು. "ಇಂಗ್ಲಿಷ್ ಉದ್ದ ಮಾಡಿ, ತೆಗೀತೀನಿ" ಎಂದು ಇವರು ಫೋನು ಕುಕ್ಕಿದರು.

ಇನ್ನೊಂದು ಹುಚ್ಚೆಂದರೆ, ಯಾವ ಪ್ರಾಣಿಯನ್ನೂ ಅವರು ಊಹಿಸಿ ಬರೆಯುವವರಲ್ಲ. ಸಿಕ್ಕವರನ್ನು ಹಿಡಿದು ಪ್ರಾಣಿ ಮಾಡುತ್ತಿದ್ದರು. ಅಂಚೆಯವನು ಕರಡಿಯಾಗಿದ್ದ. ನಾನು ಎರಡು ಸಂಜೆ ಮೋಡವಾಗಿ ಸೋಫಾ ಮೇಲೆ ಉರುಳಿಕೊಂಡಿದ್ದೆ. ನಮ್ಮವರನ್ನು ಮಲಗಿದ ಎತ್ತಿನ ಪುಟಕ್ಕೆ ಕರೆದರು. ಆಫೀಸಿನಿಂದ ಬಂದ ಮನುಷ್ಯ, ನಟಿಸುವ ಅಗತ್ಯವೇ ಬೀಳಲಿಲ್ಲ!

ಅಕ್ಟೋಬರ್ ಹದಿನೇಳು, ಮಂಗಳವಾರ, ಐದು ವರ್ಷದ ನನ್ನ ಮಗಳ ಸರದಿ. ಮೇಕೆ ಕೊಟ್ಟಿಗೆಯಲ್ಲಿ ಮಲಗಬೇಕು. ಕೊಟ್ಟಿಗೆ ಎಂದರೆ ಅವರ ಓಕ್ ಮರದ ದಪ್ಪ ಮೇಜಿನ ಅಡಿ. ನಾನು ತಟ್ಟೆಯಲ್ಲಿ ಉಪ್ಪಿಟ್ಟು ಹಿಡಿದು ಹೊರಗಿನ ಮೆಟ್ಟಿಲು ಹತ್ತುತ್ತಿದ್ದೆ. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಗೂಡ್ಸ್ ರೈಲು ಬಂದಂಥ ಸದ್ದು. ಮೆಟ್ಟಿಲು ನನ್ನ ಕಾಲನ್ನು ಒದೆಯಿತು. ಕಾಲೇಜಿನಲ್ಲಿ ಭೂಗೋಳ ಓದಿದವಳು ನಾನು. ಭೂಕಂಪದ ಹತ್ತು ಅಂಕದ ಪ್ರಶ್ನೆಗೆ ಎಂಟು ಪಡೆದವಳು. ಆ ಎಂಟೂ ಉಪ್ಪಿಟ್ಟಿನ ಜೊತೆ ಚೆಲ್ಲಿಹೋದವು. ಮೆಟ್ಟಿಲಿನ ಕಟಕಟೆ ಅಪ್ಪಿಕೊಂಡು "ಅಮ್ಮಾ" ಎಂದು ಕಿರುಚಿದ್ದೊಂದೇ ನಾನು ಮಾಡಿದ ಸಾಧನೆ.

ಒಳಗೆ ನುಗ್ಗಿದಾಗ ಕಂಡದ್ದು ಧೂಳು. ಇಟ್ಟಿಗೆಯ ಹೊಗೆಗೂಡು ಛಾವಣಿ ಸೀಳಿಕೊಂಡು ಬಂದು, ಮಗಳು ದಿನಾ ಕೂತು ಬಣ್ಣ ಹಚ್ಚುತ್ತಿದ್ದ ಸ್ಟೂಲಿನ ಮೇಲೆ ಬಿದ್ದಿತ್ತು. ಸ್ಟೂಲು ಇರಲೇ ಇಲ್ಲ. ಮೇಜಿನ ಕೆಳಗಿನಿಂದ ದನಿ ಕೇಳಿಸಿತು: "ಅಲ್ಲಾಡಬೇಡ, ಕಿವಿ ಇನ್ನೂ ಮುಗಿದಿಲ್ಲ!" ಮೇಕೆ ಕಾಲು ಮಡಚುವುದು ಹೇಗೆಂದು ತೋರಿಸಲು ಮೇಲ್ಮನೆಯಾಕೆಯೂ ಒಳಗೆ ತೂರಿದ್ದರು. ಮಗಳನ್ನು ಎರಡು ಕೈಯಲ್ಲೂ ಅವುಚಿಕೊಂಡಿದ್ದರು. ಪೆನ್ಸಿಲ್ಲು ಎಲ್ಲಿತ್ತೋ ದೇವರೇ ಬಲ್ಲ.

ಮರುದಿನದ ಪುಟದಲ್ಲಿ ಇದ್ದದ್ದು ಹಕ್ಕಿ. ಹಕ್ಕಿಯಾದವರು ಸ್ಟೂಲಿನ ಮೇಲೆ ನಿಲ್ಲಬೇಕಿತ್ತು. ಮೇಕೆಯ ಪುಟ ಒಂದು ದಿನ ಮೊದಲೇ ಮುಗಿದಿದ್ದರೆ? ಈಗಲೂ ಬೀದಿಯಲ್ಲಿ ಟ್ರಕ್ಕು ಹೋದರೆ ಸಾಕು, ನನ್ನ ಕೈಯ ಲೋಟ ತಾನಾಗಿ ಕೆಳಗಿಳಿಯುತ್ತದೆ, ನಾನು ಮತ್ತೆ ಆ ಮೆಟ್ಟಿಲಿನ ಮೇಲೆ ನಿಂತಿರುತ್ತೇನೆ.

ಮೇಲ್ಮನೆ ವಾಸಕ್ಕೆ ಆಗದೆ ಅವರು ನಮ್ಮಲ್ಲಿಗೇ ಬಂದರು. ಮಗಳು ನಮ್ಮ ಊಟದ ಮೇಜಿನ ಕೆಳಗೆ ಬಿಡಾರ ಹೂಡಿದಳು. ಅಲ್ಲೇ ಊಟ, ಅಲ್ಲೇ ಹಾಸಿಗೆ. ಆದರೆ ನಿದ್ದೆಯಿಲ್ಲ. ಆಗಾಗ ನೆಲ ನಡುಗುವುದು, ಅವಳು ಚೀರಿ ಏಳುವುದು. ಡಾಕ್ಟರು, "ಹೀಗೇ ನಿದ್ದೆಗೆಟ್ಟರೆ ಮಗು ಸೊರಗಿ ಹೋಗುತ್ತೆ" ಎಂದರು. ಊಟ ಆಗಲೇ ಅರ್ಧಕ್ಕಿಳಿದಿತ್ತು.

"ಇನ್ನು ಬರಲ್ಲ ಪುಟ್ಟಿ, ಮಲಕ್ಕೋ" ಎಂದು ನಾನು ನೂರು ಸಲ ಹೇಳಿರಬೇಕು.

ಮೇಲ್ಮನೆಯಾಕೆ ಕೇಳಿದರು: "ಏನು ಹೇಳಿದೆ? ಇಂಗ್ಲಿಷಲ್ಲಿ ಹೇಳು."

ಹೇಳಲು ಬಾಯಿ ತೆರೆದೆ. ಆಗಲಿಲ್ಲ.

"ನೋಡಿದ್ಯಾ? ನಾನು ಪ್ರತಿ ವಾಕ್ಯವನ್ನೂ ಆ ಭಾಷೆಗೆ ಕರ್ಕೊಂಡು ಹೋಗ್ತೀನಿ, ಈ ಭಾಷೆಗೆ ಕರ್ಕೊಂಡು ಬರ್ತೀನಿ. ಸುಳ್ಳಾಗಿದ್ರೆ ದಾರೀಲೇ ಕುಂಟುತ್ತೆ. ಮಕ್ಕಳಿಗೆ ಅದು ಕಾಣುತ್ತೆ, ಮಿಹಾ."

"ಮತ್ತೆ ನಿಜ ಹೇಳಿ ಹೆದರಿಸ್ಲಾ?" ರೇಗಿದೆ.

"ಗೊತ್ತಿಲ್ಲ. ಯೋಚಿಸ್ತಿದ್ದೀನಿ" ಎಂದು ದಿಂಬು ಹಿಡಿದು ಮೇಜಿನ ಕೆಳಗೆ ತೂರಿದರು. ಮಗುವಿಗೆ ಧೈರ್ಯಕ್ಕಂತೆ! ಅಂದಿನಿಂದ ದಿನಾ ಅಲ್ಲೇ ಇಬ್ಬರ ಗುಸುಗುಸು. ಹೊರಗೆ ಚಾಚಿಕೊಂಡ ಮೇಲ್ಮನೆಯಾಕೆಯ ಕಾಲುಗಳನ್ನು ದಾಟಿಯೇ ನಮ್ಮವರು ನೀರು ಕುಡಿಯಲು ಹೋಗಬೇಕಿತ್ತು.

ನವೆಂಬರ್ ಹನ್ನೊಂದು, ಶನಿವಾರ. ಕಣ್ಣು ಬಿಟ್ಟರೆ ಕಿಟಕಿಯ ತುಂಬ ಬಿಸಿಲು, ಗಂಟೆ ಏಳೂವರೆ. ಯಾರೂ ನನ್ನನ್ನು ಎಬ್ಬಿಸಿರಲಿಲ್ಲ. ಎದ್ದು ಓಡಿದೆ. ಮೇಜಿನ ಕೆಳಗೆ ಮೇಲ್ಮನೆಯಾಕೆ ಒಬ್ಬರೇ ಗೊರಕೆ ಹೊಡೆಯುತ್ತಿದ್ದರು. ಮಗಳು ಹೊರಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಶ್ಶ್! ಅಬುವೆಲಾ ಈಸ್ ಸ್ಲೀಪಿಂಗ್." ಅಬುವೆಲಾ ಎಂದರೆ ಸ್ಪ್ಯಾನಿಷಿನಲ್ಲಿ ಅಜ್ಜಿ, ಮೇಲ್ಮನೆಯಾಕೆಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

"ನೀನೆಲ್ಲಿ ಮಲಗಿದ್ದೆ?"

"ಮೈ ಬೆಡ್. ಹೋಲ್ ನೈಟ್."

ಆಮೇಲೆ ತನ್ನ ಇಂಗ್ಲಿಷಿನಲ್ಲೇ ನನ್ನ ಕಿವಿಗೆ ಪಿಸುಗುಟ್ಟಿದಳು. ಅಬುವೆಲಾಗೆ ತುಂಬ ಭಯವಂತೆ. ಅವರು ಚಿಕ್ಕವರಿದ್ದಾಗಲೂ ಹೀಗೇ ಮನೆ ಬಿದ್ದಿತ್ತಂತೆ. ತಮ್ಮನೂ ಇದ್ದನಂತೆ. ಆ ಮನೆಯಲ್ಲಿ ಮೇಜು ಇರಲಿಲ್ಲವಂತೆ.

ಜಾರಿದ್ದ ಹೊದಿಕೆಯನ್ನು ಅವರ ಕಾಲಿನ ಮೇಲೆ ಮೆಲ್ಲಗೆ ಎಳೆದೆ. ಮಗಳನ್ನು ಕೇಳಿದೆ: "ನೀನೇನು ಹೇಳಿದೆ ಅವರಿಗೆ?"

ಈ ಸಲ ಅವಳು ಕನ್ನಡದಲ್ಲೇ ಹೇಳಿದಳು: "ಮತ್ತೆ ಬರುತ್ತೆ ಅಂದೆ. ಬಂದ್ರೆ ಕೂಗು, ನಾನು ಪಕ್ಕದ ರೂಮಲ್ಲೇ ಇರ್ತೀನಿ, ಓಡಿ ಬರ್ತೀನಿ ಅಂದೆ."

ಕಾಫಿಗೆ ನೀರಿಡಬೇಕಿತ್ತು. ಇಡಲಿಲ್ಲ. ಸದ್ದಾಗದ ಹಾಗೆ ಮಗಳ ಪಕ್ಕ ನೆಲದ ಮೇಲೆ ಕೂತೆ. ಒಂಬತ್ತಾದರೂ ಅವರು ಏಳಲಿಲ್ಲ. ನಾವು ಎಬ್ಬಿಸಲೂ ಇಲ್ಲ.