ಎರಡೂ ಕಡೆ ಬೈಸಿಕೊಂಡು ಬಾ

ಅಳತೆಯ ಟೇಪು ಹಿಡಿದು ಯಾರ ಮನೆಯ ಹೊಸ್ತಿಲು ದಾಟಿದರೂ ಸರಿ, ಒಳಗೆ ಏನಾದರೊಂದು ತಮಾಷೆ ನನಗಾಗಿಯೇ ಕಾಲು ಚಾಚಿಕೊಂಡು ಕೂತಿರುತ್ತಿತ್ತು. ಬೇರೆಯವರಿಗೆ ಹೀಗೆಲ್ಲ ಆಗುವುದಿಲ್ಲವಂತೆ. ಆಗೋದಕ್ಕೆ ಅವರೇನು ನಾನೇ?

ನಾನು ಬಿಜಾಪುರದ ಕಡೆಯವ. ಶಾಲೆಯ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಅದೂ ಸೋರುತ್ತಿದ್ದ ಮಾಳಿಗೆಗೆ ಮಣ್ಣು ಹಾಕಲು. ಎಪ್ಪತ್ತರ ದಶಕದಲ್ಲಿ ಮುಂಬಯಿ ಪಕ್ಕದ ಠಾಣೆ ಊರಿಗೆ ಬಂದೆ. ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತೆ. ಆಮೇಲೆ ಒಬ್ಬ ವ್ಯಾಲ್ಯುವರ್ ಸಾಹೇಬರ ಹತ್ತಿರ ಟೇಪು ಹಿಡಿಯುವ ಕೆಲಸ ಸಿಕ್ಕಿತು. ವ್ಯಾಲ್ಯುವರ್ ಅಂದರೆ ಮನೆ, ಜಾಗ ನೋಡಿ ಇದರ ಬೆಲೆ ಇಷ್ಟು ಅಂತ ಬರೆದು ಸಹಿ ಹಾಕುವವರು. ಸಹಿ ಸಾಹೇಬರದು, ಬುದ್ಧಿ ನನ್ನದು. ಗೋಡೆಗೆ ಒಮ್ಮೆ ಬೆನ್ನು ತಿಕ್ಕಿದರೆ ಸಾಕು, ಅದರೊಳಗೆ ಸಿಮೆಂಟು ಎಷ್ಟು, ಮರಳು ಎಷ್ಟು ಅಂತ ನನ್ನ ಬೆನ್ನೇ ಹೇಳುತ್ತಿತ್ತು. ಸುಳ್ಳಲ್ಲ ನೋಡ್ರಿ, ಕಲ್ಯಾಣದಲ್ಲಿ ಹೀಗೆ ತಿಕ್ಕುವಾಗ ಗೋಡೆ ಬಿದ್ದೇ ಹೋಯಿತು. ಅದರ ಬೆಲೆ ಬರೆಯುವ ಕೆಲಸವೂ ತಪ್ಪಿತು.

ಚಹಾ ಕುಡಿದದ್ದು ಅನುಭವವಲ್ಲ

ನಮ್ಮ ಸಾಹೇಬರು ಧಾರವಾಡದವರು. ಠಾಣೆ ಸ್ಟೇಷನ್ ಹತ್ತಿರ, ಸೈಕಲ್ ಅಂಗಡಿಯ ಮೇಲೆ ಅವರ ಆಫೀಸು. ಅವರ ಕೈಕೆಳಗೆ ಉಡುಪಿ ಕಡೆಯ ಒಬ್ಬ ಹುಡುಗ ಎಂಜಿನಿಯರ್ ಇದ್ದ. ನಾನು ಅವನನ್ನು ಸಣ್ಣ ಸಾಹೇಬ ಅನ್ನುತ್ತಿದ್ದೆ. ಬಹಳ ಮೆದು ಮನುಷ್ಯ. ಬಸ್ಸಿನಲ್ಲಿ ಯಾರಾದರೂ ಅವನ ಕಾಲು ತುಳಿದರೆ ಅವನೇ 'ಸಾರಿ' ಅನ್ನುತ್ತಿದ್ದ.

ಅವನಿಗೂ ವ್ಯಾಲ್ಯುವರ್ ಲೈಸೆನ್ಸು ಬೇಕಾಗಿತ್ತು. ಬರೀ ಡಿಗ್ರಿ ಇದ್ದರೆ ಅದು ಸಿಗುತ್ತಿರಲಿಲ್ಲ. ದೊಡ್ಡವರೊಬ್ಬರ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕು, 'ಇವನಿಗೆ ಅನುಭವ ಬಂದಿದೆ' ಅಂತ ಅವರೇ ಸರ್ಟಿಫಿಕೇಟು ಬರೆದು ಕೊಡಬೇಕು. ಹುಡುಗನ ವರ್ಷಗಳೇನೋ ತುಂಬಿದ್ದವು. ಒಂದು ದಿನ ಸಾಹೇಬರ ಮುಂದೆ ಹೋಗಿ ಕೈಕಟ್ಟಿ ನಿಂತ.

ಸಾಹೇಬರು ಕನ್ನಡಕ ಮೇಲೆತ್ತಿ ಕೇಳಿದರು, "ಇಷ್ಟು ಮನಿ ನೋಡೀಯಲ್ಲ, ಯಾರರ ಬೈದಾರೇನು ನಿನಗ?"

"ಇಲ್ಲ ಸರ್! ಎಲ್ಲರೂ ಚಹಾ ಕೊಟ್ಟಿದ್ದಾರೆ."

"ಹಂಗಾದ್ರ ನಿನಗ ಇನ್ನೂ ಅನುಭವ ಬಂದಿಲ್ಲ. ಕೊಳ್ಳಾಂವಗ ಬೆಲೆ ಹೆಚ್ಚಾತು ಅನ್ನಸಬೇಕು, ಮಾರಾಂವಗ ಕಡಿಮ್ಯಾತು ಅನ್ನಸಬೇಕು. ಒಂದ ಮನೀಗೆ ಇಬ್ಬರೂ ಕೂಡಿ ಬೈದ್ರಂದ್ರ ಬೆಲೆ ಬರೋಬ್ಬರಿ ಐತಿ ಅಂತ ತಿಳೀಬೇಕು. ಹೋಗು, ಎರಡೂ ಕಡೆ ಬೈಸಿಕೊಂಡು ಬಾ. ಅವತ್ತ ಸಹಿ ಹಾಕ್ತೀನಿ."

ಹುಡುಗ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತ. ಕಷ್ಟ ಏನಪಾ ಅಂದರೆ, ಡೊಂಬಿವಲಿಯಲ್ಲಿ ಅವನ ಊರಿನ ಕಡೆಯವರದೇ ಒಂದು ಹೋಟೆಲು. ಮಾಲೀಕರ ಮಗಳು ಕಾಲೇಜು ಮುಗಿಸಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದಳು. ಅವಳಿಗೂ ಇವನಿಗೂ ಮನಸ್ಸು ಕೂಡಿತ್ತು. ಅಪ್ಪ ಮಾತ್ರ ಖಂಡತುಂಡವಾಗಿ ಹೇಳಿಬಿಟ್ಟಿದ್ದರು: "ಲೈಸೆನ್ಸು ತಾ, ಮಗಳನ್ನು ಕೊಡ್ತೇನೆ. ತುಳಸಿ ಪೂಜೆ ಕಳೆದ ಮೇಲೆ ಮಾಟುಂಗಾದ ಬ್ಯಾಂಕಿನ ಹುಡುಗ ನೋಡ್ಲಿಕ್ಕೆ ಬರ್ತಾನೆ. ಮತ್ತೆ ನನ್ನನ್ನು ಕೇಳ್ಬೇಡ."

"ಬೈಸಿಕೊಳ್ಳುದು ಹೇಗೆ ಮಾರಾಯಾ? ಕಾಲೇಜಿನಲ್ಲಿ ಇದೊಂದು ಕಲಿಸ್ಲಿಲ್ಲ" ಅಂದ ಸಣ್ಣ ಸಾಹೇಬ.

"ಅದಕ್ಕ ನೋಡ್ರಿ, ನಾ ಕಾಲೇಜಿಗೇ ಹೋಗಲಿಲ್ಲ" ಅಂದೆ ನಾನು. "ನನಗ ತೊಟ್ಟಿಲದಾಗಿದ್ದಾಗಿಂದ ಬರ್ತೈತಿ."

ಕಲ್ಯಾಣದ ಎಮ್ಮೆ

ಆಗಿನ ಜನರಿಗೆ ನಮ್ಮಂಥವರನ್ನು ಕಂಡರೆ ಒಂದೇ ಗೊಂದಲ. ಇವರು ಸಾಲ ಕೊಡುವ ಬ್ಯಾಂಕಿನಿಂದ ಬಂದರೋ, ತೆರಿಗೆಯವರ ಕಡೆಯಿಂದ ಬಂದರೋ? ಬ್ಯಾಂಕಾದರೆ ಮನೆ ಅರಮನೆಯಾಗಿ ಕಾಣಬೇಕು, ತೆರಿಗೆಯಾದರೆ ಕೊಟ್ಟಿಗೆಯಾಗಿ ಕಾಣಬೇಕು.

ಕಲ್ಯಾಣದಲ್ಲಿ ಒಬ್ಬ ವ್ಯಾಪಾರಿಯ ಹಳೆಯ ವಾಡೆ, ಅಂದರೆ ದೊಡ್ಡ ಮನೆ, ಇತ್ತು. ನಾವು ಹೋದಾಗ ಪಡಸಾಲೆಯಲ್ಲೇ ಒಂದು ಎಮ್ಮೆ ಕಟ್ಟಿತ್ತು. ಒಳಗೆ ಕುರ್ಚಿಯಿಲ್ಲ, ಗಡಿಯಾರವಿಲ್ಲ, ಗೋಡೆಯಲ್ಲಿ ಮೊಳೆಗಳು ಮಾತ್ರ. ವ್ಯಾಪಾರಿ ಹರಿದ ಬನಿಯನ್ನಿನಲ್ಲಿ ಎದುರು ಬಂದು ಮರಾಠಿಯಲ್ಲಿ ಅಳತೊಡಗಿದ: "ಸಾಹೇಬ, ನಾವೂ ಎಮ್ಮೆಯೂ ಒಂದೇ ಸೂರಿನ ಕೆಳಗೆ ಮಲಗ್ತೇವೆ. ಇದಕ್ಕೇನು ಬೆಲೆ ಬರೀತೀರಿ?"

ಸಣ್ಣ ಸಾಹೇಬ ಮೆಲ್ಲಗೆ ಅಂದ, "ಅಂಗಡಿ ದೊಡ್ಡದು ಮಾಡ್ಲಿಕ್ಕೆ ನೀವೇ ಸಾಲಕ್ಕೆ ಅರ್ಜಿ ಕೊಟ್ಟಿದ್ದೀರಲ್ಲ? ಬ್ಯಾಂಕಿನವರು ಕಳಿಸಿದ್ದಾರೆ."

ಮುಂದಿನದನ್ನು ನಾನು ಕಣ್ಣಾರೆ ಕಂಡೆ. ನಾವು ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಎಮ್ಮೆ ಹೋಗಿ ಸೋಫಾ ಬಂತು, ಮೊಳೆಗಳಿಗೆ ಗಡಿಯಾರಗಳು ಬಂದವು, ವ್ಯಾಪಾರಿಯ ಮೈಮೇಲೆ ರೇಶ್ಮೆ ಜುಬ್ಬಾ ಬಂತು. ಪಕ್ಕದ ಮನೆಯ ಫ್ಯಾನನ್ನು ಅದು ತಿರುಗುತ್ತಿದ್ದಂತೆಯೇ ಹೊತ್ತು ತಂದರು ಅಂದರೆ ನೀವು ನಂಬಲಿಕ್ಕಿಲ್ಲ. ಹೊರಗೆ ಎಳೆದೊಯ್ಯುವಾಗ ಎಮ್ಮೆಗೆ ಮಾತ್ರ ಬಹಳ ಸಿಟ್ಟು ಬಂದಿತ್ತು. ಸಣ್ಣ ಸಾಹೇಬನ ಮುಖಕ್ಕೆ ಮುಖವಿಟ್ಟು ಒದರಿತು, ಬಾಲದಿಂದ ಕೆನ್ನೆಗೂ ಒಂದು ಬಿಟ್ಟಿತು.

ಆಫೀಸಿಗೆ ಬಂದು ನಾನೇ ಹುಡುಗನ ಪರವಾಗಿ ವರದಿ ಒಪ್ಪಿಸಿದೆ. ಸಾಹೇಬರು ತಲೆ ಎತ್ತದೆ ಅಂದರು, "ಎಮ್ಮಿ ಬೈದದ್ದು ಲೆಕ್ಕಕ್ಕಿಲ್ಲ. ಅದು ಮಾರಾಂವಾನೂ ಅಲ್ಲ, ಕೊಳ್ಳಾಂವಾನೂ ಅಲ್ಲ."

ಸಂಜೆ ವಾಪಸ್ ಬರುವ ಜಾಗ

ಈಗ ಐರೋಲಿಗೆ ಹೋದರೆ ಬರೀ ಗಾಜಿನ ಕಟ್ಟಡಗಳು. ಆಗ ಅಲ್ಲಿ ಸಮುದ್ರದ ಹಿನ್ನೀರು ತುಂಬುವ ಖಾಡಿಯ ಕೆಸರು, ಉಪ್ಪಿನ ವಾಸನೆ, ಕೊಕ್ಕರೆ, ಮತ್ತೆ ನಾನು. ಒಬ್ಬ ಕೋಳಿ ಮುದುಕ, ಅಂದರೆ ಅಲ್ಲಿಯ ಮೀನುಗಾರ, ಖಾಡಿಯ ದಂಡೆಯ ತನ್ನ ಜಾಗ ಮಾರುತ್ತಿದ್ದ. ಕೊಳ್ಳುವವನು ಠಾಣೆಯ ಮೀನಿನ ವ್ಯಾಪಾರಿ. ಇಬ್ಬರೂ ಅಲ್ಲೇ ನಿಂತಿದ್ದರು. ಇವತ್ತು ಬೈಗುಳ ಖಂಡಿತ ಅಂತ ನಾನು ಸಣ್ಣ ಸಾಹೇಬನ ಬೆನ್ನು ತಟ್ಟಿದೆ.

ಟೇಪಿನ ಒಂದು ತುದಿ ಹಿಡಿದು ನಾನು ದೂರ ಹೋದೆ. ಹುಡುಗ ಬರೆದುಕೊಂಡ. ಇನ್ನೊಮ್ಮೆ ಎಳೆದರೆ ಜಾಗ ಕಡಿಮೆ. ಮತ್ತೊಮ್ಮೆ ಎಳೆದರೆ ಇನ್ನೂ ಕಡಿಮೆ. "ಸರಿಯಾಗಿ ಹಿಡಿ ಮಾರಾಯಾ!" ಅಂತ ಅವನು ಆ ಕಡೆಯಿಂದ ಕೂಗುತ್ತಾನೆ. ನಾನು ಹಿಡಿದೇ ಇದ್ದೆ. ಆದರೆ ಸಮುದ್ರಕ್ಕೆ ಉಬ್ಬರ ಬಂದು ನೀರು ಮೊದಲು ನನ್ನ ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ, ಕಡೆಗೆ ಗದ್ದಕ್ಕೆ ಏರಿತ್ತು. ಬೇರೆ ಯಾರಾದರೂ ಆಗಿದ್ದರೆ ಓಡಿಹೋಗುತ್ತಿದ್ದರು. ನಾನು ಟೇಪನ್ನು ನೆತ್ತಿಯ ಮೇಲೆ ಎತ್ತಿ ಹಿಡಿದು ನಿಂತೆ. ಮೀನುಗಳು ನನ್ನನ್ನು ಕಂಬ ಅಂತ ತಿಳಿದು ಸುತ್ತು ಹಾಕಿದವು.

ಕಡೆಗೆ ಮುದುಕನೇ ದೋಣಿ ತಂದು ನನ್ನನ್ನು ಎತ್ತಿ ಹಾಕಿಕೊಂಡ. ಸಣ್ಣ ಸಾಹೇಬ ಗಾಬರಿಯಾಗಿ ಕೇಳಿದ, "ಆಜೋಬಾ, ನಿಮ್ಮ ಜಾಗ ಎಲ್ಲಿ ಹೋಯ್ತು?"

ಮುದುಕ ಬೀಡಿ ಹಚ್ಚುತ್ತ ಹೇಳಿದ, "ಈಗ ಊಟಕ್ಕೆ ಹೋಗಿ ಬನ್ನಿ ಸಾಹೇಬ. ಸಂಜೆ ಅದೂ ವಾಪಸ್ ಬರ್ತದೆ."

ಮೀನಿನ ವ್ಯಾಪಾರಿಯಾದರೂ ಬೈದನೇ? "ಮೀನು ತಾವಾಗಿ ಮನೆ ಬಾಗಿಲಿಗೆ ಬರುವ ಜಾಗ ಇದು!" ಅಂತ ಖುಷಿಯಾಗಿ ಹುಡುಗನನ್ನು ಅಪ್ಪಿಕೊಂಡ. ನನ್ನ ಪ್ಯಾಂಟಿನ ಜೇಬಿನಲ್ಲೇ ಅವತ್ತು ಮೂರು ಮನೆಗೆ ಸಾಕಾಗುವಷ್ಟು ಮೀನು ಸಿಕ್ಕಿತು. ಬೈಗುಳ ಮಾತ್ರ ಸಿಗಲಿಲ್ಲ.

ಮುಂಬ್ರಾದ ಅಜ್ಜಿ

ಮಳೆಗಾಲ ಕಳೆಯಿತು. ಗಣಪತಿ ಹೋದ, ದಸರಾ ಹತ್ತಿರ ಬಂತು. ಹುಡುಗ ಸೊರಗತೊಡಗಿದ. ಕಡೆಗೆ ನಾನೇ ಒಂದು ಉಪಾಯ ಹೇಳಿಕೊಟ್ಟೆ: "ಮೆತ್ತಗ ಮಾತಾಡಿದ್ರ ಯಾರೂ ಬೈಯ್ಯಾಂಗಿಲ್ರಿ. ಹೋಗಿದ್ದ ತಡ, ನಿಮ್ಮ ಮನಿ ಹಾಳಾಗೇತಿ, ಕವಡಿ ಕಿಮ್ಮತ್ತಿಲ್ಲ ಅಂದುಬಿಡ್ರಿ."

ಮುಂಬ್ರಾದ ಗುಡ್ಡದ ಕೆಳಗೆ ಒಂದು ಮನೆ. ಬಾಗಿಲು ತೆರೆದವಳು ಕಲಬುರ್ಗಿ ಕಡೆಯ ಅಜ್ಜಿ. ಹುಡುಗ ಕಣ್ಣು ಮುಚ್ಚಿಕೊಂಡು, ಬಾಯಿಪಾಠ ಒಪ್ಪಿಸಿದ ಹಾಗೆ, ನಾನು ಕಲಿಸಿದ್ದನ್ನು ಹೇಳಿಯೇಬಿಟ್ಟ.

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಒಳಗೆ ತಿರುಗಿ ಕೂಗಿದಳು, "ಏ ಯಜಮಾನ್ರೇ! ಇಲ್ಲಿ ಬರ್ರಿ. ಈ ಮನೀಗೆ ಬಂದ ದಿನದಿಂದ ನಾ ಹೇಳ್ಲಿಕತ್ತಿದ್ದು ಖರೇ ಅಂತ ಓದಿದ ಹುಡುಗನೂ ಹೇಳ್ಲಿಕತ್ತಾನ!"

ನಮ್ಮಿಬ್ಬರಿಗೂ ಶೇಂಗಾ ಹೋಳಿಗೆ ಹಾಕಿ, ಬೇಡ ಬೇಡ ಅಂದರೂ ತುಪ್ಪ ಸುರಿದಳು. ಬೈಗುಳವೆಲ್ಲ ಪಾಪ, ಯಜಮಾನರ ಪಾಲಿಗೆ ಹೋಯಿತು.

ಇಡ್ಲಿ ಕಡೆ, ದೋಸೆ ಕಡೆ

ಈಗ ಆ ಡೊಂಬಿವಲಿ ಹೋಟೆಲಿನ ಕಥೆ. ಹುಡುಗಿಯ ಅಪ್ಪನೂ ಚಿಕ್ಕಪ್ಪನೂ ಸೇರಿ ಕಟ್ಟಿದ ಹೋಟೆಲು ಅದು. ಸಾಂಬಾರಿಗೆ ನೀರುಳ್ಳಿ ಹಾಕಬೇಕೋ ಬೇಡವೋ ಅಂತ ಅಣ್ಣತಮ್ಮಂದಿರಿಗೆ ಜಗಳವಾಗಿ, ಮಾತು ನಿಂತು, ಹೋಟೆಲಿನ ನಡುವೆ ಬಾಗಿಲಿನಿಂದ ಅಡಿಗೆಮನೆಯ ತನಕ ಹಲಗೆ ಬಡಿದಿದ್ದರು. ಅಣ್ಣನ ಕಡೆ ಇಡ್ಲಿ, ತಮ್ಮನ ಕಡೆ ದೋಸೆ. ಎರಡೂ ತಿನ್ನಬೇಕು ಅಂದವನು ಒಂದು ಬಾಗಿಲಿನಿಂದ ರಸ್ತೆಗೆ ಬಂದು ಇನ್ನೊಂದು ಬಾಗಿಲಿನಿಂದ ಒಳಗೆ ಹೋಗಬೇಕು. ಮಳೆಗಾಲದಲ್ಲಿ ನಾವು ಕೊಡೆ ಹಿಡಿದುಕೊಂಡೇ ಇಡ್ಲಿಯಿಂದ ದೋಸೆಗೆ ಹೋಗುತ್ತಿದ್ದೆವು. ಆ ರುಚಿ ಈಗ ಎಲ್ಲಿದೆ ಹೇಳಿ?

ತಮ್ಮನಾದವನು ವಾಶಿಗೆ ಹೋಗಿ, ಹೊಸ ಮಾರ್ಕೆಟ್ಟಿನ ಹತ್ತಿರ ಬೇರೆ ಹೋಟೆಲು ಹಾಕುವುದು ಅಂತ ಆಯಿತು. ಅವನ ಪಾಲನ್ನು ಅಣ್ಣ ಕೊಳ್ಳಬೇಕು, ಅದಕ್ಕೆ ಬೆಲೆ ಕಟ್ಟಬೇಕು. ಯಾರಿಂದ? ಇಬ್ಬರೂ ಸಣ್ಣ ಸಾಹೇಬನೇ ಆಗಲಿ ಅಂದರು. ಅದು ನನ್ನ ಕರಾಮತ್ತು. ಇಡ್ಲಿ ಕಡೆ ಕೂತಾಗ, "ಹುಡುಗ ನನ್ನ ಕೈಯಾಗಿದಾನ, ಕಡಿಮೀನ ಬರೀತಾನ" ಅಂದಿದ್ದೆ. ದೋಸೆ ಕಡೆ ಹೋದಾಗ, "ಹುಡುಗ ನನ್ನ ಕೈಯಾಗಿದಾನ, ಹೆಚ್ಚೇ ಬರೀತಾನ" ಅಂದಿದ್ದೆ. ಎರಡೂ ಕಡೆ ನನ್ನ ತಟ್ಟೆ ಖಾಲಿಯಾಗಲು ಬಿಡುತ್ತಿರಲಿಲ್ಲ.

ಹೋಗುವಾಗ ಲೋಕಲ್ ಟ್ರೇನಿನಲ್ಲಿ ಸಣ್ಣ ಸಾಹೇಬ ಬೆವರುತ್ತಿದ್ದ. "ಕಮ್ಮಿ ಬರೆದ್ರೆ ಮಾವ ಖುಷಿ, ಆದ್ರೆ ಸಾಹೇಬರ ಸಹಿ ಇಲ್ಲ. ಸರಿ ಬರೆದ್ರೆ ಸಹಿ ಸಿಗ್ಬಹುದು, ಹುಡುಗಿ ಹೋಗ್ತಾಳೆ. ಎಂತ ಮಾಡುದು?"

ಉತ್ತರ ಕೊಟ್ಟವಳು ಹುಡುಗಿ. ಕಾಫಿ ತಂದಿಟ್ಟು ಮೆಲ್ಲಗೆ ಹೇಳಿದಳು, "ಅಪ್ಪನಿಗೆ ಬೇಕಾದ್ದು ಬರೆಯಬೇಡಿ, ಚಿಕ್ಕಪ್ಪನಿಗೆ ಬೇಕಾದ್ದೂ ಬೇಡ. ಇದ್ದದ್ದು ಬರೀರಿ. ಇಲ್ಲದಿದ್ರೆ ಈ ಹಲಗೆ ನಾಳೆ ನಮ್ಮ ಮನೆಗೂ ಬರ್ತದೆ."

ಅಳತೆ ಮುಗಿಯಿತು. ಹಲಗೆಯ ತುದಿಯಲ್ಲಿ, ರಸ್ತೆಯ ಮೇಲೆ, ಇಬ್ಬರಿಗೂ ಕೇಳುವ ಹಾಗೆ ನಿಂತು ಹುಡುಗ ಬೆಲೆ ಹೇಳಿದ. ಅವನ ದನಿ ನಡುಗಲಿಲ್ಲ. ನಾನು ಮಾತ್ರ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಓಡಲು ಸಿದ್ಧನಾದೆ.

"ಇಷ್ಟಾ?" ಇಡ್ಲಿ ಕಡೆಯಿಂದ ಅಣ್ಣ ಹೊರಗೆ ಹಾರಿ ಬಂದರು. "ಈ ಹಳೇ ಗೋಡೆಗೆ ಇಷ್ಟಾ? ನಿಂಗೆ ತಲೆ ಸಮ ಉಂಟಾ?"

"ಇಷ್ಟೇಯಾ?" ದೋಸೆ ಕಡೆಯಿಂದ ತಮ್ಮ, ಕೈಯಲ್ಲಿ ಸಟ್ಟುಗ ಸಮೇತ. "ಸ್ಟೇಷನ್ ಎದುರಿನ ಜಾಗಕ್ಕೆ ಇಷ್ಟೇಯಾ?"

ಅಣ್ಣ ಗಕ್ಕನೆ ತಮ್ಮನ ಕಡೆ ತಿರುಗಿದರು. "ಕೇಳಿದಿಯಾ, ಇವ ಹೇಳುದು?"

"ಕೇಳಿದೆ ಅಣ್ಣಾ! ಇವನಿಗೆಂತ ಗೊತ್ತುಂಟು, ನಾವು ಈ ಹೋಟ್ಲು ಹೇಗೆ ಕಟ್ಟಿದ್ದು ಅಂತ!"

ಎಷ್ಟೋ ವರ್ಷಗಳ ಮೇಲೆ ಅಣ್ಣತಮ್ಮಂದಿರ ನಡುವೆ ಮಾತು ಹುಟ್ಟಿತ್ತು. ಕನ್ನಡದಲ್ಲಿ ಬೈದರು, ಸಾಲದೆ ತುಳುವಿನಲ್ಲಿ ಬೈದರು. ಒಬ್ಬರ ಗಂಟಲು ಒಣಗಿದರೆ ಇನ್ನೊಬ್ಬರು ನೀರು ಕೊಟ್ಟರು. ಗಿರಾಕಿಗಳು ತುತ್ತು ಕೈಯಲ್ಲೇ ಹಿಡಿದು ನಿಂತರು. ಕಡೆಗೆ ಅಣ್ಣ ಕೂಗಿದರು, "ಇವನಿಗೆ ನನ್ನ ಮಗಳನ್ನು ಕೊಡುದಿಲ್ಲ!" ತಮ್ಮ ಕೂಡಿಸಿದ, "ಕೊಡ್ಲೇಬಾರದು!"

ನಾನು ಅಲ್ಲಿ ನಿಲ್ಲಲಿಲ್ಲ. ಸಿಕ್ಕಿದ ಟ್ರೇನು ಹತ್ತಿ ಠಾಣೆಗೆ ಓಡಿ, ಸಾಹೇಬರಿಗೆ ಸುದ್ದಿ ಮುಟ್ಟಿಸಿದೆ. "ಇಬ್ಬರೂ ಬೈದ್ರು ಸಾಹೇಬ್ರ! ಅವರ ಬೈಗುಳಕ್ಕ ಹೋಟ್ಲದ ಗಾಜಿನ ಲೋಟ ಒಡದು ಚೂರಾದ್ವು! ರೇಲ್ವೆ ಸಿಗ್ನಲ್ ತಾನ ಕೆಂಪಾತು!"

ಸಾಹೇಬರು ಪೆನ್ನು ಮುಟ್ಟಲಿಲ್ಲ. "ನಿನ್ನ ಮಾತಿಗೆ ನಾ ಯಾವಾಗಲೂ ಅರ್ಧಾನೇ ಬೆಲಿ ಹಾಕೋದು. ಅರ್ಧ ಅಂದ್ರ ಒಬ್ಬನೇ ಬೈದಾನ ಅಂತ ಆತು. ಸಹಿ ಇಲ್ಲ."

ಜೀವಮಾನದಲ್ಲಿ ಒಮ್ಮೆ, ಅದೂ ಸಿಗ್ನಲ್ ಒಂದು ಬಿಟ್ಟು, ಖರೇ ಹೇಳಿದ್ದೆ ನೋಡ್ರಿ. ಅಷ್ಟರಲ್ಲಿ ಸಣ್ಣ ಸಾಹೇಬ ಬಂದು ಮೂಲೆಯಲ್ಲಿ ಮುಖ ಇಳಿಸಿಕೊಂಡು ನಿಂತ. ಸಹಿ ಇಲ್ಲ, ಹುಡುಗಿಯೂ ಇಲ್ಲ.

ಆಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಅಣ್ಣತಮ್ಮ ಇಬ್ಬರೂ ಒಂದೇ ಟ್ರೇನಿನಲ್ಲಿ, ಹಿಂದೆ ಮಗಳನ್ನು ಕರೆದುಕೊಂಡು, ಇಂಥ ಹುಡುಗನನ್ನು ಕಳಿಸಿದ ಸಾಹೇಬರಿಗೇ ಬೈಯಲು ಬಂದಿದ್ದರು! ಬಾಗಿಲಲ್ಲೇ ಶುರು.

"ನೀವು ಕಲಿಸಿದ್ದು ಇದನ್ನಾ? ಇಷ್ಟು ಹೆಚ್ಚು ಕೊಟ್ಟು ಕೊಳ್ಳುವವ ನಾನಲ್ಲ!"

"ಇಷ್ಟು ಕಮ್ಮಿಗೆ ಮಾರುವವ ನಾನೂ ಅಲ್ಲ!"

"ಇವನ ಬೆಲೆಗೆ ಪಾಲಾಗುದಕ್ಕಿಂತ ಒಟ್ಟಿಗೆ ಇರುದೇ ವಾಸಿ!"

"ನಾನೂ ಅದನ್ನೇ ಹೇಳುದು ಅಣ್ಣಾ!"

ಸಾಹೇಬರ ಮುಖ ಅರಳಿತು. ಡ್ರಾಯರಿನಿಂದ ಕಾಗದ ತೆಗೆದು, ಪೆನ್ನಿನ ಟೋಪಿ ಬಿಚ್ಚಿ ಬರೆಯತೊಡಗಿದರು. ಅಣ್ಣತಮ್ಮ ಉಸಿರಿಗೆ ನಿಂತರೆ, ತಲೆ ಎತ್ತದೆಯೇ ಕೈ ಬೀಸಿ, "ಬೈರಿ, ಬೈರಿ, ನಿಲ್ಲಸಬ್ಯಾಡ್ರಿ" ಅನ್ನುತ್ತಿದ್ದರು.

ಅಣ್ಣನಿಗೆ ಅನುಮಾನ ಬಂತು. "ಎಂತ ಬರೀತಿದ್ದೀರಿ ನೀವು?"

"ನಿಮ್ಮ ಅಳಿಯನ ಸರ್ಟಿಫಿಕೇಟ್ರಿ. ಇದೊಂದು ಕೈಗೆ ಬಂದ್ರ ಲೈಸೆನ್ಸು ಬಂದಂಗ. ಕೊಳ್ಳಾಂವಾ, ಮಾರಾಂವಾ ಇಬ್ಬರೂ ಕೂಡಿ ಬೈಯೋತನಾ ನಾ ಯಾರಿಗೂ ಸಹಿ ಮಾಡಾಂಗಿಲ್ಲ."

ಅಣ್ಣ ಒಮ್ಮೆ ಮಗಳ ಮುಖ ನೋಡಿದರು, ಒಮ್ಮೆ ಮೂಲೆಯಲ್ಲಿ ನಿಂತ ಹುಡುಗನನ್ನು ನೋಡಿದರು, ಆಮೇಲೆ ತಮ್ಮನ ಕಡೆ ತಿರುಗಿದರು. ತಮ್ಮ ತಲೆಯಾಡಿಸಿದ. ಅಣ್ಣ ಗಂಟಲು ಸರಿಮಾಡಿಕೊಂಡು, ಮೇಜಿನ ಹತ್ತಿರ ಬಗ್ಗಿ, ಬಹಳ ಮರ್ಯಾದೆಯಿಂದ ಕೇಳಿದರು:

"ಹಾಗಾದ್ರೆ ಸಾಹೇಬ್ರೇ, ಇಷ್ಟು ಸಾಕಾ, ಇನ್ನೂ ಸ್ವಲ್ಪ ಬೈಬೇಕಾ?"