ಮಾವನವರು ನೀಲಿಯಾದ ಪ್ರಸಂಗ

"ಸ್ಟುಡಿಯೋದವರ ಹಂಗೇ ಬೇಡ! ಮಾವನ ಫೋಟೋನ ನಾನೇ, ನಮ್ಮ ಮನೇಲೇ, ನಮ್ಮ ಪ್ರಿಂಟರಲ್ಲೇ ತೆಗೀತೀನಿ!" ಎಂದು ಊಟದ ಮೇಜು ಗುದ್ದಿ ಘೋಷಿಸಿದೆ. ನೀರಿನ ಲೋಟ ಉರುಳಿತು.

"ಎಲ್ಲಾ ಬರೀ ಬಣ್ಣದ ಮಾತು," ಎಂದಳು ಹೆಂಡತಿ, ಮೇಜು ಒರೆಸುತ್ತಾ.

"ಮಾತಲ್ಲ ಕಣೇ, ಅಸಲಿ ಬಣ್ಣ! ನೋಡ್ತಿರು!"

ಮಾವನವರು ಲೈಬ್ರರಿಯ ಮುಖ್ಯಸ್ಥರ ಹುದ್ದೆಯಿಂದ ನಿವೃತ್ತರಾಗುವವರಿದ್ದರು. ಮಾರನೆಯ ದಿನವೇ ಬೀಳ್ಕೊಡುಗೆ. ಅಲ್ಲಿನ ಗೋಡೆಯ ಮೇಲೆ ಅವರ ದೊಡ್ಡ ಫೋಟೋ ಏರಬೇಕು. ಮದುವೆಯಾದಾಗಿನಿಂದ ಆ ಮಹಾನುಭಾವರ ಬಾಯಿಂದ ನನಗೆ ಒಂದೇ ಒಂದು "ಭೇಷ್" ಬಿದ್ದಿಲ್ಲ. ಈ ಸಲ ಗಿಟ್ಟಿಸಿಯೇ ತೀರುವುದೆಂದು ಪಣ ತೊಟ್ಟಿದ್ದೆ.

ಕಂಪ್ಯೂಟರ್ ಪರದೆಯಲ್ಲಿ ಮಾವ ಯಾಕೋ ಹಳದಿ ಹಳದಿಯಾಗಿ ಕಂಡರು. ಹಳದಿಗೆ ಮದ್ದು ನೀಲಿ ತಾನೇ? ಬೆರೆಸಿದೆ, ಇನ್ನಷ್ಟು ಬೆರೆಸಿದೆ. ಮುಖಕ್ಕೆ ಕಳೆ ಬಂತು! ಬೀಗುತ್ತಾ ಅತ್ತೆಯ ಮೊಬೈಲಿಗೂ ಒಂದು ಪ್ರತಿ ಕಳಿಸಿ, ಪ್ರಿಂಟ್ ಗುಂಡಿ ಒತ್ತಿದೆ. ಪ್ರಿಂಟರ್ ನರಳಿತು, ಕೆಮ್ಮಿತು, ಕೊನೆಗೂ ಹೆತ್ತಿತು. ಅಯ್ಯಯ್ಯೋ! ಹೊರಬಂದವರು ನೀಲಿ ಮಾವ!

ಅಷ್ಟರಲ್ಲಿ ಅತ್ತೆಯ ಫೋನು. "ಅಳಿಯಂದ್ರೇ, ಇವರ ಮುಖ ಯಾಕೆ ನೀಲಿಗಟ್ಟಿದೆ? ಉಸಿರಾಟದ್ದೇನಾದ್ರೂ ತೊಂದ್ರೇನಾ?"

"ಮಾವ ಅಲ್ಲೇ ಇದ್ದಾರಲ್ಲ ಅತ್ತೆ, ಮುಖ ನೋಡಿ!"

"ನೋಡ್ದೆ. ಪೇಪರ್ ಓದ್ತಾ ಇದ್ದಾರೆ, ಚೆನ್ನಾಗೇ ಇದ್ದಾರೆ. ಆದ್ರೂ ಯಾಕೆ ಬೇಕು, ಡಾಕ್ಟರಿಗೆ ತೋರಿಸ್ಕೊಂಡೇ ಬರ್ತೀನಿ!"

ಪಾಪ, ಮಾವನನ್ನು ಆಟೋ ಹತ್ತಿಸಿಯೇಬಿಟ್ಟರು. ಇತ್ತ ಹೆಂಡತಿ ಬಂದು ಪರದೆಯನ್ನು ದಿಟ್ಟಿಸಿದಳು.

"ರೀ, ಕಣ್ಣಿಗೆ ಹಿತ ಅಂತ ಪರದೆಗೆ ಹಳದಿ ಛಾಯೆ ಹಾಕ್ಕೊಂಡಿದ್ರಲ್ಲ, ತೆಗೆದ್ರಾ?"

ತೆಗೆದಿರಲಿಲ್ಲ! ಹಳದಿಯಾಗಿದ್ದದ್ದು ಪರದೆ, ಮದ್ದು ಕುಡಿಸಿದ್ದು ಮಾವನಿಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ. ಛಾಯೆ ತೆಗೆದು, ನೀಲಿ ಬೆರೆಸದ ಮೂಲ ಚಿತ್ರವನ್ನೇ ಮುದ್ರಿಸಿದೆ. ಈಗ ಕಾಗದದ ಮೇಲೆ ಮಾವ ಕೆಂಪು ಕೆಂಪು, ಕೆಂಡಾಮಂಡಲ! ಪರದೆಯಲ್ಲಿ ಮಾತ್ರ ಸೌಮ್ಯವಾಗಿಯೇ ನಗುತ್ತಿದ್ದರು.

ನಾಚಿಕೆ ಹೋಗಿ ನನಗೆ ಕುತೂಹಲ ಹತ್ತಿಕೊಂಡಿತು. ಒಂದೇ ಚಿತ್ರ, ಒಂದೇ ಮಾವ. ಬಣ್ಣ ಮಾತ್ರ ಅಲ್ಲೊಂದು, ಇಲ್ಲೊಂದು. ಇದೇನು ಮಾಯೆ? ಊಟ ಮರೆತು ಓದಲು ಕೂತೆ.

"ಇಲ್ಲಿ ಕೇಳೇ! ಚಿತ್ರದೊಳಗೆ ಬಣ್ಣಾನೇ ಇಲ್ವಂತೆ! ಇಷ್ಟು ಕೆಂಪು, ಇಷ್ಟು ಹಸಿರು, ಇಷ್ಟು ನೀಲಿ ಅಂತ ಬರೀ ಅಂಕಿಗಳಂತೆ. ಪರದೆ ಅದನ್ನ ಬೆಳಕಲ್ಲಿ ತೋರ್ಸುತ್ತೆ, ಪ್ರಿಂಟರ್ ಇಂಕಲ್ಲಿ ತೋರ್ಸುತ್ತೆ. ಒಂದೊಂದೂ ತನ್ನ ಮೂಗಿನ ನೇರಕ್ಕೇ ಓದ್ಕೊಳ್ಳುತ್ತೆ!"

"ಅಂದ್ರೆ ನಮ್ಮಮ್ಮ ಹೇಳೋ 'ಒಂದು ಲೋಟ ಸಕ್ಕರೆ' ಥರ. ಅವರ ಲೋಟ ಎಷ್ಟು ದೊಡ್ಡದು ಅಂತ ಗೊತ್ತಿಲ್ದೆ ನಮ್ಮ ಲೋಟದಲ್ಲಿ ಅಳೆದ್ರೆ ರುಚಿ ಕೆಟ್ಟಂಗೇ."

"ಹಾಂ! ಯಾರ ಲೋಟ ಎಷ್ಟು ದೊಡ್ಡದು ಅಂತ ಹೇಳೋದೇ ಕಲರ್ ಪ್ರೊಫೈಲು! ಪರದೆಗೊಂದು, ಪ್ರಿಂಟರಿಗೊಂದು. ಕಾಗದ ಬದಲಾದ್ರೆ ಅದಕ್ಕೂ ಬೇರೆ!"

"ನೀವು ಯಾವ ಕಾಗದದ್ದು ಕೊಟ್ಟಿದ್ರಿ?"

ನೋಡಿದೆ. ಹಾಕಿದ್ದು ಮಿರಮಿರ ಮಿಂಚುವ ಫೋಟೋ ಕಾಗದ, ಪ್ರಿಂಟರಿಗೆ ಹೇಳಿದ್ದು ಸಾದಾ ಕಾಗದ! ಹೆಂಡತಿ ಪಟ್ಟಿಯಲ್ಲಿದ್ದ ಸರಿಯಾದ ಕಾಗದದ ಮೇಲೆ ಬೆರಳಿಟ್ಟು ತೋರಿಸಿದಳು.

ಸರಿಯಾದ ಪ್ರೊಫೈಲ್ ಕೊಟ್ಟು ಮತ್ತೆ ಮುದ್ರಿಸಿದೆ. ಕಿಟಕಿಯ ಬೆಳಕಿನಲ್ಲಿ ಹಿಡಿದು ಪರದೆಯ ಜೊತೆ ಹೋಲಿಸಿದರೆ, ಅಬ್ಬಾ! ಮೂಗಿನ ತುದಿಯ ತೆಳುಗೆಂಪಿನವರೆಗೂ ತದ್ರೂಪು. ಕುಣಿಯುವುದೊಂದು ಬಾಕಿ!

ಮರುದಿನ ಲೈಬ್ರರಿಯಲ್ಲಿ ಪರದೆ ಸರಿಯಿತು. ಇದು ಫೋಟೋಗೆ ಹೊದಿಸಿದ್ದ ಬಟ್ಟೆಯ ಪರದೆ. ಚಪ್ಪಾಳೆ! ಆಮೇಲೆ ಗುಸುಗುಸು. ಆಮೇಲೆ ಕಿಸಕ್ಕೆಂದು ನಗು. ತಲೆಯೆತ್ತಿ ನೋಡಿದೆ. ನಾನು ಮುಖವನ್ನಷ್ಟೇ ಹೋಲಿಸಿದ್ದೆ, ತಲೆಗೂದಲಿನ ಕಡೆ ಕಣ್ಣೇ ಹಾಯಿಸಿರಲಿಲ್ಲ. ಅಷ್ಟು ದೊಡ್ಡ ಫೋಟೋದಲ್ಲಿ ತುದಿ ಕಡುಗಪ್ಪು, ನಡು ಇಟ್ಟಿಗೆ ಕೆಂಪು, ಬುಡ ಅಪ್ಪಟ ಬೆಳ್ಳಿ!

"ಸಾರ್, ಹುಟ್ಟಿದಾಗಿಂದ ಇದೇ ಕಪ್ಪು, ಒಂದು ಹನಿ ಡೈ ಮುಟ್ಟಿಲ್ಲ ಅಂತಿದ್ರಿ?" ಎಂದು ಗುಮಾಸ್ತೆ ಕೇಳಿಯೇಬಿಟ್ಟಳು.

ಮಾವ ನಿಧಾನಕ್ಕೆ ನನ್ನತ್ತ ಬಂದರು. ಹೆಗಲ ಮೇಲೆ ಕೈ ಹಾಕಿದರು.

"ಭೇಷ್ ಅಳಿಯಂದ್ರೇ, ಭೇಷ್!" ಎಂದರು ಹಲ್ಲು ಕಚ್ಚಿ. "ನಿನ್ನೆ ಡಾಕ್ಟರಿಗೂ ಕಾಣದ್ದನ್ನ ಇವತ್ತು ಊರಿಗೆಲ್ಲಾ ತೋರಿಸಿ, ನನ್ನ ಬಣ್ಣ ಬಯಲು ಮಾಡಿಬಿಟ್ರಲ್ಲ!"