ಮಾವನ ಅಡಿಗಲ್ಲಿನ ಸ್ವರ ಹೋದ ಪ್ರಸಂಗ

ನಮ್ಮ ಮಾವನ ಮನೆಗೆ ಕಳ್ಳ ಬಂದರೆ ಅವನ ಪಾಡು ನಾಯಿಪಾಡು. ಮನೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಕಣ್ಣೆದುರಿಗೇ ಇರುತ್ತದೆ, ಅದಕ್ಕೆ ಬೀಗವಿಲ್ಲ, ಕಪಾಟಿಲ್ಲ. ಆದರೆ ಎತ್ತಬೇಕೆಂದರೆ ಇನ್ನೂ ಮೂವರು ಕಳ್ಳರನ್ನು ಕರೆದುಕೊಂಡು ಬರಬೇಕು! ಡೊಂಬಿವಲಿಯ ನಾಲ್ಕನೇ ಮಾಳಿಗೆಯ ಫ್ಲ್ಯಾಟಿನ ಗ್ಯಾಲರಿಯಲ್ಲಿ, ಬೇರೆಯವರು ತುಳಸಿಯನ್ನೋ ವಾಷಿಂಗ್ ಮಷೀನನ್ನೋ ಇಡುವ ಜಾಗದಲ್ಲಿ, ಮಾವ ಒಂದು ಅಡಿಗಲ್ಲು ಇಟ್ಟುಕೊಂಡಿದ್ದಾರೆ. ಅಡಿಗಲ್ಲು ಅಂದರೆ ಮಂತ್ರಿಗಳು ಹಾರ ಹಾಕಿಸಿಕೊಂಡು ಇಟ್ಟು ಹೋಗುವ ಕಲ್ಲಲ್ಲ. ಕಮ್ಮಾರ ಕಾದ ಕಬ್ಬಿಣವನ್ನಿಟ್ಟು ಬಡಿಯುತ್ತಾನಲ್ಲ, ಆ ಕಬ್ಬಿಣದ ದಿಮ್ಮಿ. ಇಲ್ಲಿಯವರ ಬಾಯಲ್ಲಿ ಐರಣ.

ಮಾವ ಅಂದರೆ ನನ್ನ ತಾಯಿಯ ಅಣ್ಣ. ಅವರ ಅಪ್ಪ, ಅಂದರೆ ನನ್ನ ಅಜ್ಜ, ಉಡುಪಿ ಕಡೆಯಿಂದ ಈ ಅಡಿಗಲ್ಲನ್ನು ಲಾರಿಯಲ್ಲಿ ಹೇರಿಕೊಂಡು ಬಂದು ಶಹಾಡ್ ಸ್ಟೇಶನ್ನಿನ ಹತ್ತಿರ ಕುಲುಮೆ ಹಾಕಿದರಂತೆ. ಕಲ್ಯಾಣದಿಂದ ಠಾಣೆಯವರೆಗೆ ನಮ್ಮವರ ಹೋಟೆಲುಗಳಿಗೆಲ್ಲ ದೋಸೆ ಕಾವಲಿ, ಸಟ್ಟುಗ, ಸಾಂಬಾರಿನ ಸೌಟು ಇದರ ಮೇಲೆಯೇ ಹುಟ್ಟಿದ್ದು. ಅಜ್ಜನ ನಂತರ ಮಾವ ಅದೇ ಜಾಗದಲ್ಲಿ ಬಡಿದರು. ಕೊನೆಗೆ ಆ ಜಾಗದಲ್ಲಿ ಟವರ್ ಎದ್ದಿತು, ಮಾವ ಅಡಿಗಲ್ಲು ಸಮೇತ ಮನೆಗೆ ಬಂದರು. "ರಿಟೈರಾದವರು ಗಡಿಯಾರ ತರ್ತಾರೆ, ಶಾಲು ತರ್ತಾರೆ. ಇವರು ಸವತಿಯನ್ನು ತಂದ್ರು" ಎಂದು ಅತ್ತೆ ಈಗಲೂ ಹೇಳುವುದುಂಟು.

ಸೊಸೈಟಿಯ ಸೆಕ್ರೆಟರಿ ಸುಮ್ಮನಿರುತ್ತಾರೆಯೇ? ಬಂದು ಗ್ಯಾಲರಿಯಲ್ಲಿ ಬಗ್ಗಿ ನೋಡಿ, "ಕಾಕಾ, ಸ್ಲ್ಯಾಬ್ ಪಡೇಲ್" ಎಂದರು. ಮಾವ ಶುದ್ಧ ಮರಾಠಿಯಲ್ಲಿ ವಿಚಾರಿಸಿದರು: ಗಣಪತಿಗೆ ನಿಮ್ಮ ಬೀಗರ ಕಡೆಯವರೆಲ್ಲ ಬಂದು ಗ್ಯಾಲರಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡಾಗ ಬೀಳದ ಸ್ಲ್ಯಾಬು ಇದಕ್ಕೆ ಬೀಳುತ್ತದೆಯೇ? ಸೆಕ್ರೆಟರಿ ಚಹಾ ಕುಡಿಯದೆ ಹೊರಟುಹೋದರು.

ಇನ್ನು ಮನೆಗೆಲಸದಲ್ಲಿ ಮಾವನ ಸಹಕಾರ ಕೇಳಿ. ಅತ್ತೆ ಒಮ್ಮೆ ಕುಕ್ಕರ್ ಇಟ್ಟು, "ಮೂರು ಸೀಟಿ ಆದ ಕೂಡ್ಲೆ ಬಂದ್ ಮಾಡಿ" ಎಂದು ಹೇಳಿ ಮಾರ್ಕೆಟ್ಟಿಗೆ ಹೋಗಿದ್ದರು. ವಾಪಸ್ ಬಂದಾಗ ಬೇಳೆ ಇದ್ದಿಲಾಗಿತ್ತು. ಮಾವ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು.

"ಎಷ್ಟು ಸೀಟಿ ಆಯ್ತು?"

"ಒಂದೂ ಆಗ್ಲಿಲ್ಲ. ನಿನ್ನ ಕುಕ್ಕರ್ ಹಾಳಾಗಿದೆ."

ಹೊಸ ಕುಕ್ಕರ್ ಬಂತು. ಅದೂ ಹಾಳಾಯಿತು! ಗಂಡಸಿನ ಗರ್ವ ಎಂದು ಅತ್ತೆ ತೀರ್ಮಾನಿಸಿದರು. ನಾವೂ ಹೌದೆಂದೆವು.

ಹೀಗಿರುವಾಗ ಮಾವ ಒಂದು ದಿನ ನನಗೆ ಫೋನ್ ಮಾಡಿದರು. ದನಿ ತೀರಾ ಇಳಿದಿತ್ತು. ಯಾರೋ ಹೋಗಿಬಿಟ್ಟರು ಎಂದುಕೊಂಡು ನಾನು ಸಾನ್ಪಾಡಾ ಸ್ಟೇಶನ್ನಿನಲ್ಲೇ ನಿಂತೆ.

"ಅಡಿಗಲ್ಲಿನ ಸ್ವರ ಹೋಗಿದೆ ಮಾರಾಯ."

ಒಳ್ಳೆಯ ಅಡಿಗಲ್ಲಿಗೆ ಸುತ್ತಿಗೆ ಮುಟ್ಟಿಸಿದರೆ ದೇವಸ್ಥಾನದ ಗಂಟೆಯ ಹಾಗೆ ಸ್ವರ ಬರಬೇಕು. ಬರಲಿಲ್ಲವೆಂದರೆ ಒಳಗೆ ಬಿರುಕು ಬಿಟ್ಟಿದೆ ಎಂದರ್ಥ. ಮಾವ ಆಗಾಗ ಮಧ್ಯಾಹ್ನ ಮೆಲ್ಲಗೆ ತಟ್ಟಿ ನೋಡುತ್ತಿದ್ದರಂತೆ, ಬರಬರುತ್ತಾ ಸ್ವರ ಸಣ್ಣಗಾಗಿ ಈಗ ಸತ್ತೇ ಹೋಗಿದೆ. "ಸತ್ತದ್ದಾ? ಕೆಳಗಿನವರು ನಿನ್ನೆ ಜಗಳಕ್ಕೆ ಬಂದಿದ್ರಲ್ಲ" ಎಂದು ಅತ್ತೆ ಹಿಂದಿನಿಂದ ಕೂಗಿದರು. ಮಾವ ಗಂಭೀರವಾಗಿ, "ಶಬ್ದ ಬೇರೆ, ಸ್ವರ ಬೇರೆ. ನಿಂಗೆ ಕಬ್ಬಿಣದ್ದು ಎಂತ ಗೊತ್ತುಂಟು?" ಎಂದರು. ನಮಗೆ ನಿಜಕ್ಕೂ ಗೊತ್ತಿರಲಿಲ್ಲ. ಕುಲುಮೆಯ ಆಚಾರಿಯ ಕಿವಿಯ ಮುಂದೆ ನನ್ನಂಥ ಬ್ಯಾಂಕಿನ ಗುಮಾಸ್ತನ ಕಿವಿ ಯಾವ ಲೆಕ್ಕ?

ಸರಿ, ರಿಪೇರಿ ಮಾಡಿಸುವುದೋ ಬೇಡವೋ? ವರ್ಷವಿಡೀ ಇದೇ ಚರ್ಚೆ. ಮೇಲ್ಮೈ ಸವೆದು ನಡುವೆ ತಗ್ಗಾಗಿತ್ತು, ಅಂಚುಗಳು ಚಕ್ಕೆ ಎದ್ದಿದ್ದವು. ಬಿರುಕಿಗೆ ವೆಲ್ಡಿಂಗ್ ತುಂಬಿಸಿ, ಮೇಲಿನದ್ದನ್ನೆಲ್ಲ ಸವರಿ ಸಪಾಟು ಮಾಡಬಹುದು. ಆದರೆ ಆ ತಗ್ಗು ಅಜ್ಜನದ್ದು. ಸೌಟಿನ ಬಟ್ಟಲು ಬಡಿದು ಬಡಿದು ಆದದ್ದು. "ಮಾಡಿಸಿದ್ರೆ ಅಪ್ಪನ ಪೆಟ್ಟು ಒಂದೂ ಉಳಿಯುದಿಲ್ಲ. ಮಾಡಿಸದಿದ್ರೆ ಹೆಣ ಇಟ್ಕೊಂಡ ಹಾಗೆ" ಎಂದು ಮಾವ ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು.

ಲೋಕಲ್ಲಿನಲ್ಲಿ ಬೇರೆ ಮುದುಕರು ಮೊಬೈಲು ತೆಗೆದು ಮೊಮ್ಮಕ್ಕಳ ಫೋಟೋ ತೋರಿಸಿದರೆ ಮಾವ ಅಡಿಗಲ್ಲಿನ ಫೋಟೋ ತೋರಿಸಿ ಸಲಹೆ ಕೇಳುತ್ತಿದ್ದರು. ಬದಲಾಪುರದ ಒಂದು ವರ್ಕ್‌ಶಾಪನ್ನು ಹೊರಗಿನಿಂದಲೇ ತಿರಸ್ಕರಿಸಿದರು. "ಇಷ್ಟು ಚೊಕ್ಕಟ ಇಟ್ಟಿದ್ದಾರೆ, ಇವರು ಕೆಲಸ ಮಾಡುದು ಯಾವಾಗ?" ಶಹಾಡಿನ ವೆಲ್ಡರನೊಬ್ಬನಿಗೆ, "ಸಪಾಟು ಮಾಡಿದ ಮೇಲೆ ಸ್ವರ ಬರ್ತದಾ?" ಎಂದು ಹಿಂದಿಯಲ್ಲಿ ಕೇಳಿದರು. ಅವನು, ಸ್ವರ ಬೇಕಿದ್ದರೆ ಹಾರ್ಮೋನಿಯಂ ಕೊಳ್ಳಿ ಎಂದ.

ಕಡೆಗೆ ಉಲ್ಹಾಸನಗರದಲ್ಲಿ ಒಬ್ಬ ವರ್ಕ್‌ಶಾಪಿನ ಸೇಠ್ ಒಪ್ಪಿದ. ನಾನು ರಜೆ ಹಾಕಿದೆ, ಟೆಂಪೋ ಬಂತು. ನಾಲ್ವರು ಸೇರಿ ಅಡಿಗಲ್ಲನ್ನು ಲಿಫ್ಟಿನಲ್ಲಿಟ್ಟರೆ ಭಾರ ಹೆಚ್ಚಾಗಿ ಲಿಫ್ಟು ಕಿವಿ ಹರಿಯುವ ಹಾಗೆ ಕೀ ಎನ್ನತೊಡಗಿತು. ನಾವೆಲ್ಲ ಹೊರಗೆ ಹಾರಿದೆವು. ಮಾವ ಮಾತ್ರ ಒಳಗೆ ನಿಂತು, "ಎಲ್ಲ ಯಾಕೆ ಇಳಿದ್ರಿ?" ಎಂದು ಕೇಳುತ್ತಿದ್ದರು.

ಉಲ್ಹಾಸನಗರದಲ್ಲಿ ಸೇಠ್ ಗ್ರೈಂಡರಿಗೆ ಹೊಸ ಚಕ್ರ ತೊಡಿಸಿ ಸಿದ್ಧನಾಗಿದ್ದ. ಶುರು ಮಾಡುವ ಮೊದಲು ಸುಮ್ಮನೆ ಒಂದು ಸುತ್ತಿಗೆ ಎತ್ತಿ ಅಡಿಗಲ್ಲಿಗೆ ಕುಟ್ಟಿದ.

ಎಂಥ ಸ್ವರ! ಗಾಡಿಯ ಕೆಳಗೆ ಮಲಗಿದ್ದ ನಾಯಿ ಎದ್ದು ಓಡಿತು. ಎದುರಿನ ಅಂಗಡಿಯವರು ತಿರುಗಿ ನೋಡಿದರು. ಆ ಗಲಾಟೆಯ ಗಲ್ಲಿಯಲ್ಲಿಯೂ ಅದು ಸಣ್ಣಗೆ, ಉದ್ದಕ್ಕೆ ಹೋಗಿ ಹೋಗಿ ನಿಧಾನವಾಗಿ ನಿಂತಿತು.

"ಕಾಕಾ, ಯೇ ತೋ ಏಕ್‌ದಮ್ ಟನಾಟನ್ ಹೈ" ಎಂದ ಸೇಠ್.

ಮಾವ ಇವನಿಗೆ ಎಂತ ಗೊತ್ತುಂಟು ಎಂಬ ಮುಖ ಮಾಡಿ ನನ್ನ ಕಡೆ ತಿರುಗಿದರು. "ಕೇಳಿದ್ಯಲ್ಲ? ಮರದ ಕೊರಡಿಗೆ ಹೊಡೆದ ಹಾಗೆ. ಹ್ಞಾಂ, ಮಾಡ್ಲಿ."

ಕುಕ್ಕರು, ಲಿಫ್ಟು, ಎಲ್ಲ ಒಮ್ಮೆಲೇ ನನ್ನ ತಲೆಗೆ ಬಂದವು. ಸೇಠ್ ಗ್ರೈಂಡರ್ ಚಾಲೂ ಮಾಡಿದ. ನಾನು ಅವನ ಕೈ ಹಿಡಿದು ನಿಲ್ಲಿಸಿದೆ. ಹೇಳುವುದು ಹೇಗೆ? ಹೇಳದಿದ್ದರೆ ಅಜ್ಜನ ತಗ್ಗು ಈಗ ಹೋಗುತ್ತದೆ. ಹೇಳಿದರೆ ಮಾವನ ಕಿವಿ ಹೋಗುತ್ತದೆ.

"ಮಾವ, ಸ್ವರ ಉಂಟು. ಚೆನ್ನಾಗಿ ಉಂಟು. ನಿಮಗೆ ಕೇಳ್ತಾ ಇಲ್ಲ."

ಅವರು ನನ್ನನ್ನು ನೋಡಿದರು, ಸೇಠನನ್ನು ನೋಡಿದರು. ತಾವೇ ಸುತ್ತಿಗೆ ತೆಗೆದುಕೊಂಡು ಒಂದು ಪೆಟ್ಟು ಕೊಟ್ಟು ನಮ್ಮಿಬ್ಬರ ಮುಖವನ್ನೇ ನೋಡುತ್ತಾ ನಿಂತರು. ಸ್ವರ ಮುಗಿಯುವ ತನಕ ನಾವಿಬ್ಬರೂ ಕಿವಿಗೊಟ್ಟು ಕೇಳಿದೆವು.

"ನಿನ್ನ ಅಮ್ಮನ ಆಣೆಗೂ?"

"ಅಮ್ಮನ ಆಣೆಗೂ."

ಮಾವ ಅಲ್ಲೇ ಒಂದು ಡಬ್ಬದ ಮೇಲೆ ಕುಳಿತರು. ಅಳುತ್ತಾರೆ ಎಂದುಕೊಂಡೆ. ಅವರು ನಗತೊಡಗಿದರು, ಹೊಟ್ಟೆ ಹಿಡಿದುಕೊಂಡು. "ನನ್ನ ಕಿವಿಯಾ? ಬರೀ ನನ್ನ ಕಿವಿಯಾ ಹೋದದ್ದು? ಹೋಗ್ಲಿ ಮಾರಾಯ! ಅಪ್ಪ ಕೊಟ್ಟದ್ದನ್ನು ನಾನು ಒಡೆದು ಹಾಕಿದೆ ಅಂತ ನಂಗೆ ನಿದ್ದೆ ಇರ್ಲಿಲ್ಲ." ಆಗ ಮಾತ್ರ ಕಣ್ಣು ಒರೆಸಿಕೊಂಡರು. ಕಿವುಡಾದದ್ದಕ್ಕೆ ಇಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ. ವಾಪಸ್ ಬರುವಾಗ ಟೆಂಪೋದಲ್ಲಿ ಅಡಿಗಲ್ಲಿನ ಪಕ್ಕ ಕುಳಿತು ನಿದ್ದೆ ಹೋದರು. ರಿಪೇರಿಯ ಮಾತು ಅಲ್ಲಿಗೆ ಮುಗಿಯಿತು.

ಕಲ್ಯಾಣದಲ್ಲಿ ಕಿವಿಗೆ ಮಿಷನ್ ಹಾಕಿಸಿದೆವು. ಕಬ್ಬಿಣ ಹೊಡೆದು ಹೊಡೆದು ಸೀಟಿಯಂಥ ತೆಳು, ಏರು ಸ್ವರಗಳಷ್ಟೇ ಹೋಗಿವೆ, ಮಾತು ಕೇಳುತ್ತದೆ ಎಂದರು ಡಾಕ್ಟರು. ಈಗ ಮಾವ ಸೀಟಿ ಎಣಿಸುತ್ತಾರೆ, ಅತ್ತೆಗಿಂತ ಮೊದಲೇ ಗ್ಯಾಸ್ ಬಂದ್ ಮಾಡುತ್ತಾರೆ. ಅಡಿಗಲ್ಲಿನ ಹತ್ತಿರ ಹೋಗುವಾಗ ಮಾತ್ರ ಮಿಷನ್ ತೆಗೆದಿಡುತ್ತಾರೆ. "ಅದರಲ್ಲಿ ಕೇಳುದು ಬ್ಯಾಟರಿಯ ಸ್ವರ, ಅಪ್ಪನದ್ದಲ್ಲ."

ಸಂಜೆ ದೀಪ ಹಚ್ಚಿದ ಮೇಲೆ ಮಾವ ಗ್ಯಾಲರಿಯಲ್ಲಿ ಕುಳಿತು ಎರಡೂ ಅಂಗೈಯನ್ನು ಅಡಿಗಲ್ಲಿನ ಮೈಗೆ ಒತ್ತಿ ಹಿಡಿಯುತ್ತಾರೆ. ಸವತಿ ಎಂದು ಬೈಯುವ ಅತ್ತೆ ಸೆರಗು ಸಿಕ್ಕಿಸಿಕೊಂಡು ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಹಾಕಿ, ಎಡಗೈ ಮೇಲೆತ್ತಿ ನಿಲ್ಲುತ್ತಾರೆ. ಸ್ವರ ಇರುವ ತನಕ ಕೈ ಮೇಲೆ, ನಿಂತ ಕೂಡಲೇ ಕೆಳಗೆ. ಅದು ಅವರಿಬ್ಬರ ಒಪ್ಪಂದ. ಮಾವ ಆ ಕೈಯನ್ನೇ ನೋಡುತ್ತಾ, "ಇನ್ನೂ ಉಂಟಾ?" ಎಂದು ಕೇಳುತ್ತಾರೆ. ಅತ್ತೆ ಉಂಟು ಎಂದು ತಲೆಯಾಡಿಸುತ್ತಾರೆ.

ಮೊನ್ನೆ ನಾನೂ ಅಲ್ಲಿದ್ದೆ. ಸ್ವರ ನಿಂತು ಎಷ್ಟೋ ಹೊತ್ತಾಗಿತ್ತು. ಅತ್ತೆ ಕೈ ಇಳಿಸಿರಲಿಲ್ಲ.